ಹಿಂದಿನ ಪೇಟೆ, ಮುಂದಿನ ಪಿಂಚಣಿ

ನಿವೃತ್ತಿಯ ದಿನ ಕೈಸೇರಿದ ಇಡಿಗಂಟಿನಿಂದ ವರ್ಷಕ್ಕೆ ಎಷ್ಟು ತೆಗೆದರೆ ಅದು ಬದುಕಿರುವವರೆಗೆ ಬಾಳಿಕೆ ಬರುತ್ತದೆ ಎಂಬ ಪ್ರಶ್ನೆಗೆ ಹಣಕಾಸು ಸಲಹೆಗಾರರು ಈಗ ಸಾಮಾನ್ಯವಾಗಿ ಶೇಕಡಾವಾರಿನಲ್ಲಿ ಉತ್ತರಿಸುತ್ತಾರೆ. ಯೋಜನೆ ಗೆಲ್ಲುವ ಸಾಧ್ಯತೆ ಶೇ 95 ಎಂದೋ ಶೇ 80 ಎಂದೋ ಕಂಪ್ಯೂಟರ್ ಪರದೆಯ ಮೇಲೆ ಮೂಡುವ ಈ ಸಂಖ್ಯೆಯ ಹಿಂದೆ ಹಲವು ಸಂದರ್ಭಗಳಲ್ಲಿ ಇರುವುದು ಚಾರಿತ್ರಿಕ ಸಿಮ್ಯುಲೇಷನ್ ಎಂಬ ವಿಧಾನ. ಷೇರು, ಸಾಲಪತ್ರ ಮತ್ತು ಹಣದುಬ್ಬರದ ಹಳೆಯ ಅಂಕಿಅಂಶಗಳನ್ನು ಸಾಲಾಗಿ ಜೋಡಿಸಿಕೊಂಡು, ಅದರ ಒಂದೊಂದು ವರ್ಷದಲ್ಲೂ ಒಬ್ಬ ಕಾಲ್ಪನಿಕ ವ್ಯಕ್ತಿಯನ್ನು ನಿವೃತ್ತಗೊಳಿಸಿ, ಅವನ ಗಂಟು ಮೂವತ್ತು ವರ್ಷ ಉಳಿಯಿತೋ ನಡುವೆಯೇ ಬರಿದಾಯಿತೋ ಎಂದು ಲೆಕ್ಕ ಹಾಕಿ, ಉಳಿದವರ ಪ್ರಮಾಣವನ್ನು ‘ಗೆಲುವಿನ ಸಾಧ್ಯತೆ’ ಎಂದು ಕರೆಯುವುದೇ ಈ ವಿಧಾನದ ತಿರುಳು. ಲೆಕ್ಕದಲ್ಲಿ ಸಾಮಾನ್ಯವಾಗಿ ತಪ್ಪಿರುವುದಿಲ್ಲ. ಸಂದೇಹಪಡಬೇಕಾದದ್ದು ಆ ಹೆಸರನ್ನು.

ಈ ಪ್ರಶ್ನೆ ಚೆನ್ನೈಯಲ್ಲಿ ಕೇವಲ ಶಾಸ್ತ್ರಚರ್ಚೆಯ ವಿಷಯವಾಗಿ ಉಳಿದಿಲ್ಲ. 2011ರ ಜನಗಣತಿಯ ಹೊತ್ತಿಗೇ ತಮಿಳುನಾಡಿನ ಜನಸಂಖ್ಯೆಯಲ್ಲಿ ಅರವತ್ತು ದಾಟಿದವರು ಶೇ 10ಕ್ಕಿಂತ ಹೆಚ್ಚಿದ್ದರು, ಮತ್ತು ಜನನ ಪ್ರಮಾಣ ಬಹಳ ಹಿಂದೆಯೇ ಇಳಿದಿರುವ ಈ ರಾಜ್ಯದಲ್ಲಿ ಆ ಪಾಲು ಏರುತ್ತಲೇ ಇದೆ. ಮೈಲಾಪುರ, ತಿರುವಲ್ಲಿಕ್ಕೇಣಿ, ಮಾಂಬಲಗಳ ನಿವೃತ್ತರು ಒಂದೂವರೆ ಶತಮಾನದಿಂದ ಉಳಿತಾಯಕ್ಕೆ ಬಳಸಿದ ಸಂಸ್ಥೆಗಳ ಚರಿತ್ರೆಯೂ ಈ ನಗರದಲ್ಲಿದೆ. ಸಿಮ್ಯುಲೇಷನ್ನಿನ ಕೋಷ್ಟಕಗಳು ಯಾವುದನ್ನು ಎಣಿಸುತ್ತವೆ, ಯಾವುದನ್ನು ಬಿಡುತ್ತವೆ ಎಂಬುದನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಊರು ಭಾರತದಲ್ಲಿ ಸಿಗಲಾರದು.

ವಿಧಾನದ ಮೂಲವನ್ನು ಹುಡುಕಿದರೆ ಅದು 1994ರ ಅಕ್ಟೋಬರಿನಲ್ಲಿ ಪ್ರಕಟವಾದ ಒಂದು ಲೇಖನಕ್ಕೆ ಮುಟ್ಟುತ್ತದೆ. ವಿಮಾನಶಾಸ್ತ್ರದ ಎಂಜಿನಿಯರ್ ಆಗಿ ತರಬೇತಿ ಪಡೆದು ಮುಂದೆ ಹಣಕಾಸು ಸಲಹೆಗಾರನಾದ ವಿಲಿಯಂ ಬೆಂಗೆನ್ ಎಂಬ ಅಮೆರಿಕನ್, 1926ರಿಂದಾಚೆಗಿನ ಅಮೆರಿಕದ ಷೇರು, ಸಾಲಪತ್ರ ಮತ್ತು ಬೆಲೆಗಳ ದಾಖಲೆಯನ್ನು ಹಿಡಿದು, ಮೊದಲ ವರ್ಷ ಇಡಿಗಂಟಿನ ಶೇ 4ರಷ್ಟನ್ನು ತೆಗೆದು, ಮುಂದಿನ ವರ್ಷಗಳಲ್ಲಿ ಹಣದುಬ್ಬರಕ್ಕೆ ತಕ್ಕಂತೆ ಆ ಮೊತ್ತವನ್ನು ಏರಿಸುತ್ತ ಹೋದವನ ಹಣ ಯಾವ ವರ್ಷ ನಿವೃತ್ತನಾಗಿದ್ದರೂ ಮೂವತ್ತು ವರ್ಷ ಬಾಳಿತು ಎಂದು ತೋರಿಸಿದರು. ರೂಪಾಯಿಯ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಕೋಟಿ ಇದ್ದವನು ಮೊದಲ ವರ್ಷ ನಾಲ್ಕು ಲಕ್ಷ ತೆಗೆಯುತ್ತಾನೆ, ಬೆಲೆಗಳು ಶೇ 6ರಷ್ಟು ಏರಿದರೆ ಮರುವರ್ಷ ನಾಲ್ಕು ಲಕ್ಷದ ಇಪ್ಪತ್ತನಾಲ್ಕು ಸಾವಿರ ತೆಗೆಯುತ್ತಾನೆ, ಪೇಟೆ ಬಿದ್ದರೂ ಎದ್ದರೂ ಈ ಕ್ರಮ ತಪ್ಪಿಸುವುದಿಲ್ಲ. 1998ರಲ್ಲಿ ಟೆಕ್ಸಾಸಿನ ಟ್ರಿನಿಟಿ ವಿಶ್ವವಿದ್ಯಾಲಯದ ಮೂವರು ಅಧ್ಯಾಪಕರು ಇದೇ ಲೆಕ್ಕವನ್ನು ವಿಸ್ತರಿಸಿ ಗೆಲುವಿನ ಶೇಕಡಾವಾರುಗಳ ಪಟ್ಟಿಯನ್ನೇ ಮಾಡಿದರು. ‘ಶೇ 4ರ ಸೂತ್ರ’ ಹೀಗೆ ಲೋಕಪ್ರಸಿದ್ಧವಾಯಿತು, ಮತ್ತು ಹುಟ್ಟಿದ ದೇಶದ ಗಡಿಯನ್ನು ತನ್ನ ಜೊತೆಗೆ ಒಯ್ಯದೆಯೇ ಬೇರೆ ದೇಶಗಳಿಗೂ ಹರಡಿತು.

ಬೆಂಗೆನ್ನರ ಲೆಕ್ಕದಲ್ಲಿ ನಿಜಕ್ಕೂ ಬೆಲೆಬಾಳುವುದು ಶೇ 4 ಎಂಬ ಸಂಖ್ಯೆಗಿಂತ ಅದರೊಳಗಿನ ಇನ್ನೊಂದು ಸಂಗತಿ. ಅವರ ದಾಖಲೆಯಲ್ಲಿ ಅತ್ಯಂತ ಕಷ್ಟಕ್ಕೆ ಸಿಕ್ಕವರು 1929ರ ಮಹಾಕುಸಿತದ ಮುನ್ನಾದಿನ ನಿವೃತ್ತರಾದವರಲ್ಲ. 1960ರ ದಶಕದ ಉತ್ತರಾರ್ಧದಲ್ಲಿ ನಿವೃತ್ತರಾದವರು. ಮಹಾಕುಸಿತದ ಕಾಲದಲ್ಲಿ ಷೇರಿನ ಜೊತೆಗೆ ಸರಕುಗಳ ಬೆಲೆಯೂ ಇಳಿದಿದ್ದರಿಂದ ಮನೆಯ ಖರ್ಚು ತಗ್ಗಿತ್ತು. 1970ರ ದಶಕದಲ್ಲಿ ಷೇರು ಸೊರಗಿತು, ಬೆಲೆಗಳು ಮಾತ್ರ ಏರುತ್ತ ಹೋದವು. ನಿವೃತ್ತನ ಗಂಟಿಗೆ ಪೇಟೆಯ ಬಿರುಗಾಳಿಗಿಂತ ದೀರ್ಘಕಾಲದ ಹಣದುಬ್ಬರ ಹೆಚ್ಚು ಅಪಾಯಕಾರಿ ಎಂಬ ಈ ತಿಳಿವಳಿಕೆ ಕೇವಲ ಸರಾಸರಿಗಳನ್ನು ನೋಡಿದ್ದರೆ ಹೊಳೆಯುತ್ತಿರಲಿಲ್ಲ.

ಸರಾಸರಿ ಮುಚ್ಚಿಡುವ ಇನ್ನೊಂದು ಅಪಾಯ ಪ್ರತಿಫಲಗಳ ಅನುಕ್ರಮಕ್ಕೆ ಸಂಬಂಧಿಸಿದ್ದು. ನೂರು ಲಕ್ಷ ರೂಪಾಯಿಯ ಗಂಟು ಮೂರು ವರ್ಷಗಳಲ್ಲಿ ಕ್ರಮವಾಗಿ ಶೇ 30ರಷ್ಟು ಇಳಿದು, ಶೇ 10ರಷ್ಟು ಏರಿ, ಶೇ 40ರಷ್ಟು ಏರಿತೆಂದುಕೊಂಡರೆ, ಮುಟ್ಟದೆ ಬಿಟ್ಟವನ ಕೈಯಲ್ಲಿ ಕೊನೆಗೆ 107.8 ಲಕ್ಷ ಇರುತ್ತದೆ. ಇದೇ ಮೂರು ವರ್ಷಗಳು ತಿರುವುಮುರುವಾಗಿ ಬಂದರೂ ಮೊತ್ತ ಅಷ್ಟೇ. ಆದರೆ ಪ್ರತಿ ವರ್ಷದ ಕೊನೆಗೆ ಹತ್ತು ಲಕ್ಷ ತೆಗೆಯುವವನ ಬಳಿ ಮೊದಲ ಕ್ರಮದಲ್ಲಿ 68.4 ಲಕ್ಷ ಉಳಿದರೆ, ಎರಡನೆಯ ಕ್ರಮದಲ್ಲಿ 83.1 ಲಕ್ಷ ಉಳಿಯುತ್ತದೆ. ದುಡಿಯುವ ಕಾಲದಲ್ಲಿ ಕಂತು ಕಟ್ಟುವವನಿಗೆ ಆರಂಭದ ಕುಸಿತ ಅಗ್ಗದ ಖರೀದಿಯ ಅವಕಾಶ. ತೆಗೆದು ಉಣ್ಣುವವನಿಗೆ ಅದೇ ಕುಸಿತ ವಾಸಿಯಾಗದ ಗಾಯ.

ಭಾರತದ ದಾಖಲೆಯಲ್ಲಿ ಇದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಿಲ್ಲ. ಮುಂಬಯಿ ಷೇರುಪೇಟೆಯ ಸೂಚ್ಯಂಕವಾದ ಸೆನ್ಸೆಕ್ಸ್ 1991ರ ಮಾರ್ಚ್ ಕೊನೆಗೆ ಸುಮಾರು 1,168ರಲ್ಲಿತ್ತು. ಷೇರು ದಲ್ಲಾಳಿ ಹರ್ಷದ್ ಮೆಹ್ತಾ ಕಾಲದ ಉಬ್ಬರದಲ್ಲಿ ಒಂದೇ ವರ್ಷಕ್ಕೆ 4,285ರ ಸಮೀಪ ಏರಿ, 1993ರ ಮಾರ್ಚ್ ವೇಳೆಗೆ 2,281ರ ಆಸುಪಾಸಿಗೆ ಕುಸಿಯಿತು. 2003ರ ಮಾರ್ಚ್ ಕೊನೆಗೂ ಅದು ಸುಮಾರು 3,049ರಲ್ಲೇ ಇತ್ತು. ಒಂದೇ ಕಚೇರಿಯಿಂದ, ಒಂದೇ ಹುದ್ದೆಯಿಂದ, ಒಂದು ವರ್ಷದ ಅಂತರದಲ್ಲಿ ನಿವೃತ್ತರಾದ ಇಬ್ಬರು ತಮ್ಮ ಹಣವನ್ನೆಲ್ಲ ಷೇರಿನಲ್ಲಿ ತೊಡಗಿಸಿದ್ದರೆ, ಲಾಭಾಂಶವನ್ನು ಬದಿಗಿಟ್ಟು ನೋಡಿದಾಗ, 1991ರವನ ಹಣ 2003ಕ್ಕೆ ಎರಡೂವರೆ ಪಟ್ಟಿಗಿಂತ ಹೆಚ್ಚಾಗಿರುತ್ತಿತ್ತು. 1992ರವನ ಹಣ ನಾಲ್ಕರಲ್ಲಿ ಮೂರು ಪಾಲಿಗೂ ಕಡಿಮೆಯಾಗಿ, ಬೆಲೆಗಳು ಆ ಅವಧಿಯಲ್ಲಿ ದುಪ್ಪಟ್ಟಾಗಿದ್ದರಿಂದ, ಕೊಳ್ಳುವ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿದಿರುತ್ತಿತ್ತು. ಇಬ್ಬರೂ ಒಂದು ಪೈಸೆಯನ್ನೂ ತೆಗೆದಿಲ್ಲವೆಂಬ ಊಹೆಯ ಮೇಲಿನ ಲೆಕ್ಕ ಇದು ಎಂಬುದನ್ನು ನೆನೆದರೆ, ವರ್ಷ ವರ್ಷವೂ ತೆಗೆದುಕೊಂಡವನ ಪಾಡನ್ನು ಬೇರೆ ವಿವರಿಸಬೇಕಾಗಿಲ್ಲ.

ಇಷ್ಟರಮಟ್ಟಿಗೆ ಚಾರಿತ್ರಿಕ ಸಿಮ್ಯುಲೇಷನ್ ತನ್ನ ಉಪಯೋಗವನ್ನು ಸ್ಥಾಪಿಸಿಕೊಳ್ಳುತ್ತದೆ. ತೊಡಕು ಶುರುವಾಗುವುದು ಅದರಿಂದ ಶೇಕಡಾವಾರನ್ನು ಹಿಂಡಲು ಹೊರಟಾಗ. ಸೆನ್ಸೆಕ್ಸ್ 1978-79ನ್ನು ಮೂಲ ವರ್ಷವಾಗಿ, ಅದರ ಮಟ್ಟವನ್ನು ನೂರಾಗಿ ಇಟ್ಟುಕೊಂಡ ಸೂಚ್ಯಂಕ. 1979ರ ಏಪ್ರಿಲ್‌ನಿಂದ 2025ರ ಏಪ್ರಿಲ್‌ವರೆಗಿನ ನಲವತ್ತಾರು ವರ್ಷಗಳಲ್ಲಿ, ತಿಂಗಳಿಗೊಂದರಂತೆ ಆರಂಭಿಸಿದರೆ, ಮೂವತ್ತು ವರ್ಷಗಳ ಸುಮಾರು 190 ಅವಧಿಗಳು ಸಿಗುತ್ತವೆ, ಮತ್ತು ಅಷ್ಟೊಂದು ಉದಾಹರಣೆಗಳನ್ನು ಪರೀಕ್ಷಿಸಿದ ಲೆಕ್ಕ ನಂಬಿಕೆಗೆ ಅರ್ಹವೆಂದು ಓದುಗನಿಗೆ ಅನ್ನಿಸುತ್ತದೆ. ವಾಸ್ತವದಲ್ಲಿ ಇವುಗಳಲ್ಲಿ ಅಕ್ಕಪಕ್ಕದ ಯಾವ ಎರಡನ್ನು ತೆಗೆದುಕೊಂಡರೂ 359 ತಿಂಗಳುಗಳು ಸಮಾನ. ಒಂದರ ಮೇಲೊಂದು ಬೀಳದ, ಪರಸ್ಪರ ಸ್ವತಂತ್ರವಾದ ಮೂವತ್ತು ವರ್ಷಗಳು ಒಂದೂವರೆ ಮಾತ್ರ. ಅಡ್ಯಾರಿನಿಂದ ಪ್ಯಾರಿಸ್ ಕಾರ್ನರಿಗೆ ಹೊರಟ ಒಂದೇ ಬಸ್ಸನ್ನು ಹತ್ತು ನಿಲ್ದಾಣಗಳಲ್ಲಿ ನಿಂತು ಎಣಿಸಿ ಹತ್ತು ಬಸ್ಸು ಬಂದವೆಂದು ಬರೆದುಕೊಂಡಂತೆ ಇದು. ಸೋತ ಅವಧಿಗಳೂ ಚದುರಿಹೋಗಿರುವುದಿಲ್ಲ. ಒಂದೇ ಕಾಲಘಟ್ಟದ ಸುತ್ತ ಗುಂಪಾಗಿರುತ್ತವೆ. ಹಾಗಾಗಿ ಶೇ 5 ಸೋಲು ಎಂಬುದು ಇಪ್ಪತ್ತು ನಿವೃತ್ತರಲ್ಲಿ ಒಬ್ಬನಿಗೆ ಬರುವ ಕಷ್ಟವನ್ನು ಸೂಚಿಸುವುದಿಲ್ಲ; ಒಂದು ನಿರ್ದಿಷ್ಟ ಕಾಲದಲ್ಲಿ ನಿವೃತ್ತರಾದ ಇಡೀ ತಲೆಮಾರಿಗೆ ಒಟ್ಟಿಗೆ ಬಂದ ಕಷ್ಟವನ್ನು ಸೂಚಿಸುತ್ತದೆ. ಅಂಥ ಕಾಲ ಮತ್ತೆ ಎಷ್ಟು ಸಲ ಬರುತ್ತದೆ ಎಂಬುದನ್ನು ಒಂದೂವರೆ ಉದಾಹರಣೆಯಿಂದ ಊಹಿಸಲಾಗದು.

ದಾಖಲೆ ಎಲ್ಲಿಂದ ಶುರುವಾಗುತ್ತದೆ ಎಂಬುದೂ ಮುಖ್ಯ. ಸ್ವತಂತ್ರ ಭಾರತ ಕಂಡ ಅತಿ ತೀವ್ರ ಹಣದುಬ್ಬರದ ವರ್ಷಗಳಾದ 1973-74 ಮತ್ತು 1974-75ರಲ್ಲಿ ಸಗಟು ಬೆಲೆಗಳು ವರ್ಷಕ್ಕೆ ಶೇ 20ಕ್ಕೂ ಹೆಚ್ಚು ಏರಿದವು. 1974ರ ಜುಲೈಯಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆಯ ಮೂಲಕ ಕಂಪನಿಗಳು ಹಂಚಬಹುದಾದ ಲಾಭಾಂಶಕ್ಕೆ ಮಿತಿ ಹೇರಿತು, ನೌಕರರಿಗೆ ಹೆಚ್ಚುವರಿಯಾಗಿ ಸಿಗಬೇಕಿದ್ದ ತುಟ್ಟಿಭತ್ಯೆಯ ಅರ್ಧವನ್ನು ಕಡ್ಡಾಯ ಠೇವಣಿಯಾಗಿ ತಡೆಹಿಡಿಯಿತು. ಅಂದರೆ ಬೆಲೆ ಏರುತ್ತಿದ್ದ ಹೊತ್ತಿಗೇ ಷೇರಿನ ಆದಾಯವೂ ಸಂಬಳದ ಆದಾಯವೂ ಸರ್ಕಾರದ ಆದೇಶದಿಂದ ಕಟ್ಟಿಹೋದವು. ಬೆಂಗೆನ್ನರ ಅಮೆರಿಕನ್ ದಾಖಲೆಯಲ್ಲಿ ಅತ್ಯಂತ ಕಠಿಣ ಪರೀಕ್ಷೆಯಾಗಿ ನಿಂತದ್ದು ಇದೇ ದಶಕ. ಭಾರತದ ಲೆಕ್ಕಗಳಲ್ಲಿ ಮಾತ್ರ ಅದು ಹಾಜರೇ ಇಲ್ಲ, ಏಕೆಂದರೆ ಸೆನ್ಸೆಕ್ಸಿನ ಗಡಿಯಾರ ಓಡಲು ತೊಡಗಿದ್ದು ಆ ಗಂಡಾಂತರ ಕಳೆದ ಮೇಲೆ. ಅದಕ್ಕೂ ಹಿಂದಿನ ಕಾಲಕ್ಕೆ ರಿಸರ್ವ್ ಬ್ಯಾಂಕ್ ಮುಂಬಯಿ, ಕಲ್ಕತ್ತ, ಮದ್ರಾಸು ಪೇಟೆಗಳ ಷೇರುಬೆಲೆಗಳನ್ನು ಒಳಗೊಂಡ ಸೂಚ್ಯಂಕಗಳನ್ನು ಪ್ರಕಟಿಸುತ್ತಿತ್ತಾದರೂ, ನಿವೃತ್ತಿ ಯೋಜನೆಯ ತಂತ್ರಾಂಶಗಳು ಅಷ್ಟು ಹಿಂದಕ್ಕೆ ಹೋಗುವುದು ಅಪರೂಪ.

ಇರುವ ದಾಖಲೆಯೂ ಪೂರ್ತಿ ಶುದ್ಧವಲ್ಲ. ಸೆನ್ಸೆಕ್ಸ್ ಪ್ರಕಟವಾಗತೊಡಗಿದ್ದು 1986ರ ಜನವರಿಯಲ್ಲಿ. ಅದಕ್ಕೆ ಹಿಂದಿನ ಏಳು ವರ್ಷಗಳ ಅಂಕಿಗಳನ್ನು ಆಮೇಲೆ ಹಿಂದಕ್ಕೆ ಎಣಿಸಿ ಕಟ್ಟಲಾಯಿತು. 1986ರಲ್ಲಿ ಪ್ರಮುಖವೆನಿಸಿದ ಕಂಪನಿಗಳನ್ನು ಆರಿಸಿ ಅವುಗಳ ಬಾಲ್ಯದ ಬೆಲೆಗಳನ್ನು ಹುಡುಕಿದರೆ ಆ ಬಾಲ್ಯ ಉಜ್ವಲವಾಗಿಯೇ ಕಾಣುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಉಳಿದವರ ಪಕ್ಷಪಾತ ಎನ್ನುತ್ತಾರೆ, ಅಂದರೆ ಬದುಕಿ ಉಳಿದವರನ್ನಷ್ಟೇ ವಿಚಾರಿಸಿ ಯುದ್ಧದ ಅಪಾಯವನ್ನು ಅಂದಾಜು ಮಾಡುವ ದೋಷ. ಸೂಚ್ಯಂಕವನ್ನೇ ಯಥಾವತ್ತಾಗಿ ಅನುಸರಿಸುವ ಇಂಡೆಕ್ಸ್ ಫಂಡುಗಳು ಭಾರತದಲ್ಲಿ 1990ರ ದಶಕದ ಕೊನೆಯವರೆಗೆ ಇರಲಿಲ್ಲವಾದ್ದರಿಂದ, ಅದಕ್ಕೆ ಮೊದಲಿನ ಎರಡು ದಶಕಗಳಲ್ಲಿ ಸೂಚ್ಯಂಕದ ಪ್ರತಿಫಲವನ್ನು ಪಡೆಯಲು ಸಾಮಾನ್ಯ ಉಳಿತಾಯಗಾರನಿಗೆ ಸುಲಭ ದಾರಿಯೇ ಇರಲಿಲ್ಲ. ಸಿಮ್ಯುಲೇಷನ್ನಿನ ಕಾಲ್ಪನಿಕ ನಿವೃತ್ತನು ಕೊಂಡದ್ದು ಆಗ ಮಾರಾಟಕ್ಕೇ ಇಲ್ಲದ ವಸ್ತುವನ್ನು. 1937ರಿಂದ ನಡೆದುಬಂದ ಮದ್ರಾಸ್ ಷೇರು ವಿನಿಮಯ ಕೇಂದ್ರ 2015ರಲ್ಲಿ ಬಾಗಿಲು ಹಾಕಿತು, ಮತ್ತು ಇಂಥ ಪ್ರಾದೇಶಿಕ ಕೇಂದ್ರಗಳಲ್ಲಷ್ಟೇ ನೋಂದಣಿಯಾಗಿದ್ದ ಸಣ್ಣಪುಟ್ಟ ಕಂಪನಿಗಳ ಪತ್ರಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡವರ ನಷ್ಟ ಯಾವ ಸೂಚ್ಯಂಕದಲ್ಲೂ ದಾಖಲಾಗಿಲ್ಲ. ದೇಶದ ಮೊದಲ ಖಾಸಗಿ ಮ್ಯೂಚುವಲ್ ಫಂಡ್ ಸಂಸ್ಥೆಯಾಗಿ 1993ರಲ್ಲಿ ಚೆನ್ನೈಯಿಂದ ಹೊರಟ ಕೊಠಾರಿ ಪಯೋನಿಯರ್‌ನ ಯೋಜನೆಗಳು ಮಾಲೀಕತ್ವ ಬದಲಾಗಿಯೂ ಉಳಿದು ಇಂದಿಗೂ ದೀರ್ಘಾವಧಿ ಸಾಧನೆಯ ನಿದರ್ಶನವಾಗಿ ಬಳಕೆಯಲ್ಲಿವೆ. ಅದೇ ಕಾಲದಲ್ಲಿ ಹುಟ್ಟಿ ಮುಚ್ಚಿಹೋದ ಅಥವಾ ಬೇರೆಯದರಲ್ಲಿ ವಿಲೀನವಾದ ಯೋಜನೆಗಳನ್ನು ನಿದರ್ಶನವಾಗಿ ತೋರಿಸುವವರಿಲ್ಲ.

ಈ ಪಕ್ಷಪಾತ ದೇಶಗಳ ಆಯ್ಕೆಯಲ್ಲೂ ಇದೆ. ಫಿಲಿಪ್ ಜೋರಿಯೋನ್ ಮತ್ತು ವಿಲಿಯಂ ಗೋಟ್ಸ್‌ಮನ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 1921ರಿಂದ 1996ರವರೆಗೆ ಅಮೆರಿಕದ ಷೇರುಗಳ ಮೌಲ್ಯ ಹಣದುಬ್ಬರವನ್ನು ಕಳೆದು ವರ್ಷಕ್ಕೆ ಶೇ 4.3ರಷ್ಟು ಬೆಳೆದಿದ್ದರೆ, ಉಳಿದ ದೇಶಗಳ ಮಧ್ಯಾಂಕ ಕೇವಲ ಶೇ 0.8 ಎಂದು ಕಂಡುಬಂತು. ರಷ್ಯಾದ ಪೇಟೆ 1917ರ ಕ್ರಾಂತಿಯಲ್ಲಿ ಪೂರ್ತಿ ಅಳಿಯಿತು. ಜಪಾನಿನ ನಿಕ್ಕೈ ಸೂಚ್ಯಂಕ 1989ರ ಡಿಸೆಂಬರಿನಲ್ಲಿ ಮುಟ್ಟಿದ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ, ಅಂದರೆ ಮೂವತ್ತನಾಲ್ಕು ವರ್ಷಗಳ ಮೇಲೆ. ಮುಂದುವರಿದ ಮೂವತ್ತೆಂಟು ದೇಶಗಳ ದಾಖಲೆಗಳನ್ನು ಒಟ್ಟಿಗೆ ಇಟ್ಟು ಇತ್ತೀಚೆಗೆ ಲೆಕ್ಕ ಹಾಕಿದ ಅರ್ಥಶಾಸ್ತ್ರಜ್ಞರು, ಅರವತ್ತೈದರ ದಂಪತಿ ಶೇ 5ರಷ್ಟು ಅಪಾಯವನ್ನು ಒಪ್ಪಿಕೊಂಡರೂ ತೆಗೆಯಬಹುದಾದದ್ದು ಶೇ 2.26 ಮಾತ್ರ ಎಂದರು. ಒಂದೇ ಪ್ರಶ್ನೆ. ಯಾರ ಚರಿತ್ರೆಯನ್ನು ಒಳಗೆ ಬಿಡಬೇಕು ಎಂಬ ಒಂದು ತೀರ್ಮಾನ ಬದಲಾದೊಡನೆ ಉತ್ತರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಬಡ್ಡಿಯನ್ನೇ ನಂಬಿದವರಿಗೆ ಈ ತಾಪತ್ರಯವಿಲ್ಲ ಎಂಬ ಭಾವನೆ ದಕ್ಷಿಣದ ಮಧ್ಯಮ ವರ್ಗದಲ್ಲಿ ಆಳವಾಗಿದೆ. ಸಾರ್ವಜನಿಕ ಭವಿಷ್ಯ ನಿಧಿಯ ಬಡ್ಡಿ 1986ರಿಂದ 2000ದ ಜನವರಿಯವರೆಗೆ ಕದಲದೆ ಶೇ 12ರಲ್ಲೇ ನಿಂತಿತ್ತು. ಆ ಹದಿನಾಲ್ಕು ವರ್ಷಗಳ ದಾಖಲೆಯನ್ನು ಸಿಮ್ಯುಲೇಷನ್ನಿಗೆ ಹಾಕಿದ್ದರೆ ಏರಿಳಿತವೇ ಇಲ್ಲದ, ಅಪಾಯ ಸೊನ್ನೆಯಾದ ಹೂಡಿಕೆ ಎಂಬ ಉತ್ತರ ಬರುತ್ತಿತ್ತು. ಮೂರೇ ವರ್ಷಗಳಲ್ಲಿ ಅದು ಶೇ 8ಕ್ಕೆ ಇಳಿಯಿತು, 2020ರ ಏಪ್ರಿಲ್‌ನಿಂದ ಶೇ 7.1ರಲ್ಲಿದೆ. ಆ ಶೇ 12 ಪೇಟೆಯಲ್ಲಿ ಹುಟ್ಟಿದ ದರವಲ್ಲ, ಸರ್ಕಾರ ಗೊತ್ತುಮಾಡಿದ್ದು. ಸರ್ಕಾರಿ ತೀರ್ಮಾನಗಳ ಸಾಲನ್ನು ಸಂಭವನೀಯತೆಯ ಮಾದರಿಯಾಗಿ ಓದುವುದು ಹೇಗೆ ಎಂಬುದಕ್ಕೆ ಯಾವ ಪಠ್ಯಪುಸ್ತಕದಲ್ಲೂ ಉತ್ತರವಿಲ್ಲ.

ಚೆನ್ನೈಯ ಸ್ವಂತ ಚರಿತ್ರೆ ಈ ಚರ್ಚೆಗೆ ಸೇರಿಸುವುದು ಇನ್ನೂ ಮೂಲಭೂತವಾದ ಒಂದು ಆಕ್ಷೇಪವನ್ನು. 1906ರ ಅಕ್ಟೋಬರ್ 22ರಂದು ಮದ್ರಾಸಿನ ಅರ್ಬತ್‌ನಾಟ್ ಕಂಪನಿ ದಿವಾಳಿ ಘೋಷಿಸಿದಾಗ ನಗರದ ಸಾವಿರಾರು ಕುಟುಂಬಗಳ ಠೇವಣಿ ಅದರೊಳಗೆ ಮುಳುಗಿತು. ಕಂಪನಿಯ ಮುಖ್ಯ ಪಾಲುದಾರ ಸರ್ ಜಾರ್ಜ್ ಅರ್ಬತ್‌ನಾಟ್ ಜೈಲು ಸೇರಿದರು, ಮತ್ತು ಆ ಆಘಾತದಿಂದಲೇ ವಿ. ಕೃಷ್ಣಸ್ವಾಮಿ ಅಯ್ಯರ್ ಮೊದಲಾದವರ ಪ್ರಯತ್ನದಲ್ಲಿ 1907ರಲ್ಲಿ ಇಂಡಿಯನ್ ಬ್ಯಾಂಕ್ ಹುಟ್ಟಿತು. ಕುಸಿಯುವ ಹಿಂದಿನ ದಿನದವರೆಗೆ ಅರ್ಬತ್‌ನಾಟ್‌ನ ಚರಿತ್ರೆ ಸುಮಾರು ಒಂದು ಶತಮಾನದ ಪ್ರತಿಷ್ಠೆಯದು. ಬ್ಯಾಂಕುಗಳಿಗೆ ಬದಲಾಗಿ ಸದಸ್ಯರ ನಡುವೆಯೇ ಠೇವಣಿ ಪಡೆದು ಸಾಲ ಕೊಡುವ ‘ನಿಧಿ’ಗಳು ಹತ್ತೊಂಬತ್ತನೆಯ ಶತಮಾನದ ಮದ್ರಾಸಿನಲ್ಲಿ ಬೆಳೆದು ನಿವೃತ್ತರ ನೆಚ್ಚಿನ ತಾಣವಾದವು. ಆದರೆ 1990ರ ದಶಕದಲ್ಲಿ ಠೇವಣಿ ಸಂಸ್ಥೆಗಳು ಒಂದರ ಹಿಂದೊಂದು ಮುಳುಗಿದ ಪರಿಣಾಮವಾಗಿ ರಾಜ್ಯ ಸರ್ಕಾರ 1997ರಲ್ಲಿ ಠೇವಣಿದಾರರ ಹಿತರಕ್ಷಣೆಗೆ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. 1872ರಲ್ಲಿ ಆರಂಭವಾದ ಮೈಲಾಪುರದ ಹಿಂದೂ ಪರ್ಮನೆಂಟ್ ಫಂಡ್ ಒಂದೂವರೆ ಶತಮಾನ ಠೇವಣಿಗಳನ್ನು ಮರಳಿಸುತ್ತ ಬಂದು, 2024ರಲ್ಲಿ ಮರಳಿಸಲಾಗದೆ ನಿಂತಿತು. ಅದರ ಆಡಳಿತ ನಿರ್ದೇಶಕರ ಬಂಧನವಾಗಿ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ವಾಣಿಜ್ಯ ಬ್ಯಾಂಕಿನ ಠೇವಣಿಗೆ ಐದು ಲಕ್ಷ ರೂಪಾಯಿವರೆಗೆ ಇರುವ ವಿಮೆ ನಿಧಿಗಳಿಗೆ ಅನ್ವಯಿಸುವುದಿಲ್ಲ. ಬಡ್ಡಿದರಗಳ ಇತಿಹಾಸವನ್ನು ಎಷ್ಟೇ ಸೂಕ್ಷ್ಮವಾಗಿ ಪರೀಕ್ಷಿಸಿದರೂ ಈ ಯಾವ ಘಟನೆಯೂ ಅದರಲ್ಲಿ ಕಾಣಿಸದು, ಏಕೆಂದರೆ ಇಲ್ಲಿ ಕುಸಿದದ್ದು ದರವಲ್ಲ, ದರವನ್ನು ಕೊಡುತ್ತಿದ್ದ ಸಂಸ್ಥೆ. ನೂರೈವತ್ತು ವರ್ಷಗಳ ನಿಷ್ಕಳಂಕ ದಾಖಲೆ ನೂರೈವತ್ತೆರಡನೆಯ ವರ್ಷಕ್ಕೆ ಯಾವ ಜಾಮೀನನ್ನೂ ಕೊಡಲಿಲ್ಲ. ಮದ್ರಾಸಿನ ನಿವೃತ್ತರನ್ನು ನಿಜಕ್ಕೂ ಬೀದಿಗೆ ತಂದ ನಷ್ಟಗಳಲ್ಲಿ ದೊಡ್ಡ ಪಾಲು ಈ ಬಗೆಯದು, ಮತ್ತು ನಿವೃತ್ತಿ ತಂತ್ರಾಂಶದ ಕೋಷ್ಟಕದಲ್ಲಿ ಅದಕ್ಕೊಂದು ಕಾಲಮ್ಮೇ ಇಲ್ಲ.

ದಾಖಲೆ ಚಿಕ್ಕದೆಂಬ ಕೊರತೆಯನ್ನು ತುಂಬಲು ಸಂಖ್ಯಾಶಾಸ್ತ್ರಜ್ಞರು ಎರಡು ಉಪಾಯಗಳನ್ನು ಬಳಸುತ್ತಾರೆ. ಹಳೆಯ ವರ್ಷಗಳನ್ನು ಚೀಟಿ ಎತ್ತಿದಂತೆ ಒಂದೊಂದಾಗಿ ಎತ್ತಿ ಹೊಸ ಸಾಲುಗಳನ್ನು ಕಟ್ಟುವುದು ಒಂದು. ಸರಾಸರಿ ಮತ್ತು ಏರಿಳಿತದ ಪ್ರಮಾಣವನ್ನು ಊಹಿಸಿಕೊಂಡು ಕಂಪ್ಯೂಟರಿನಿಂದ ಸಾವಿರಾರು ಕಾಲ್ಪನಿಕ ಭವಿಷ್ಯಗಳನ್ನು ಹುಟ್ಟಿಸುವ ಮಾಂಟೆ ಕಾರ್ಲೊ ವಿಧಾನ ಇನ್ನೊಂದು. ಬಿಡಿ ವರ್ಷಗಳನ್ನು ಕಲಸಿದರೆ ಹಣದುಬ್ಬರ ವರ್ಷಗಟ್ಟಲೆ ಬೆನ್ನುಬಿಡದೆ ಮುಂದುವರಿಯುವ ಗುಣ ಮಾಯವಾಗುತ್ತದೆ. ಐದು ಹತ್ತು ವರ್ಷಗಳ ಕಂತೆಯನ್ನೇ ಎತ್ತಿದರೆ ಆ ಗುಣ ಉಳಿಯುತ್ತದಾದರೂ ಕಂತೆಗಳ ಸಂಖ್ಯೆ ಮತ್ತೆ ಬೆರಳೆಣಿಕೆಗೆ ಇಳಿಯುತ್ತದೆ. ಹತ್ತು ಸಾವಿರ ಸಾಲುಗಳನ್ನು ಹುಟ್ಟಿಸಿದ ಮಾತ್ರಕ್ಕೆ ಹೊಸ ಮಾಹಿತಿ ಹುಟ್ಟುವುದಿಲ್ಲ.

ಐಐಟಿ ಮದ್ರಾಸಿನಲ್ಲಿ ಭೌತಶಾಸ್ತ್ರ ಬೋಧಿಸುವ ಎಂ. ಪಟ್ಟಾಭಿರಾಮನ್ ಅವರು ಭಾರತದ ಹೂಡಿಕೆದಾರರಿಗಾಗಿ ಉಚಿತವಾಗಿ ರೂಪಿಸಿರುವ ಲೆಕ್ಕಪಟ್ಟಿಗಳು ಈ ವಿಧಾನದ ಹೆಚ್ಚು ವಿವೇಕದ ಬಳಕೆಯನ್ನು ತೋರಿಸುತ್ತವೆ. ಹತ್ತು, ಹದಿನೈದು ವರ್ಷಗಳ ಎಲ್ಲ ಅವಧಿಗಳ ಪ್ರತಿಫಲವನ್ನು ಬಿಡಿಸಿಟ್ಟು, ಅವುಗಳ ಸರಾಸರಿಯ ಬದಲು ಅವು ಎಷ್ಟು ಅಗಲಕ್ಕೆ ಹರಡಿವೆ ಎಂಬುದನ್ನು ಮುಂದಿಡುವ ಅವರ ಬರಹಗಳು, ದೀರ್ಘಾವಧಿಯಲ್ಲಿ ಷೇರು ಲಾಭ ತಂದೇ ತರುತ್ತದೆ ಎಂಬ ಮಾರಾಟಗಾರರ ಮಾತನ್ನು ಅದೇ ಅಂಕಿಗಳಿಂದ ಪ್ರಶ್ನಿಸುತ್ತ ಬಂದಿವೆ. ಚಾರಿತ್ರಿಕ ಸಿಮ್ಯುಲೇಷನ್ ಯೋಜನೆಯೊಂದು ಎಲ್ಲಿ ಮುರಿಯುತ್ತದೆ ಎಂಬುದನ್ನು ನಂಬಿಕೆಗೆ ಅರ್ಹವಾಗಿ ಹೇಳುತ್ತದೆ. ಮುರಿಯುವ ಸಾಧ್ಯತೆ ಎಷ್ಟು ಎಂಬುದನ್ನು ಹಾಗೆ ಹೇಳಲಾರದು. 1992ರ ಮಾರ್ಚಿನಲ್ಲಿ ನಿವೃತ್ತನಾದವನ ಸ್ಥಿತಿಯನ್ನು, ಅದಕ್ಕೆ ಹತ್ತು ವರ್ಷಗಳ ಶೇ 9ರ ಹಣದುಬ್ಬರವನ್ನೂ ಒಂದು ಠೇವಣಿ ಸಂಸ್ಥೆಯ ದಿವಾಳಿಯನ್ನೂ ಸೇರಿಸಿ, ತನ್ನ ಗಂಟಿನ ಮೇಲೆ ಪ್ರಯೋಗಿಸಿ ನೋಡಿದವನಿಗೆ ಶೇ 95 ಎಂಬ ಉತ್ತರ ಸಿಗುವುದಿಲ್ಲ. ಯಾವ ವರ್ಷ ಎಷ್ಟು ಖರ್ಚು ಕಡಿತ ಮಾಡಬೇಕಾದೀತು, ಷೇರನ್ನು ಮಾರದೆ ಎಷ್ಟು ವರ್ಷ ತಳ್ಳಬಹುದು, ಒಂದೇ ಸಂಸ್ಥೆಯಲ್ಲಿ ಎಷ್ಟು ಇಡಬಹುದು ಎಂಬುದು ಗೊತ್ತಾಗುತ್ತದೆ.

ಸರ್ಕಾರಿ ನೌಕರರು ಈ ಲೆಕ್ಕವನ್ನು ತಾವೇ ಹಾಕಬೇಕಾದ ಸ್ಥಿತಿಯನ್ನು ಎರಡು ದಶಕಗಳಿಂದ ವಿರೋಧಿಸುತ್ತ ಬಂದಿರುವುದಕ್ಕೂ ಕಾರಣ ಇಲ್ಲೇ ಇದೆ. ತಮಿಳುನಾಡು 2003ರ ಏಪ್ರಿಲ್‌ನಿಂದ, ಕೇಂದ್ರ ಸರ್ಕಾರ 2004ರ ಜನವರಿಯಿಂದ, ಕರ್ನಾಟಕ 2006ರ ಏಪ್ರಿಲ್‌ನಿಂದ ಹೊಸದಾಗಿ ಸೇರುವ ನೌಕರರಿಗೆ ಹಳೆಯ ನಿಶ್ಚಿತ ಪಿಂಚಣಿಯನ್ನು ನಿಲ್ಲಿಸಿ ವಂತಿಗೆ ಆಧಾರಿತ ವ್ಯವಸ್ಥೆಯನ್ನು ತಂದವು. 2025ರ ಏಪ್ರಿಲ್‌ನಿಂದ ಕೇಂದ್ರವು, ಇಪ್ಪತ್ತೈದು ವರ್ಷ ಸೇವೆ ಸಲ್ಲಿಸಿದವರಿಗೆ ಕೊನೆಯ ಹನ್ನೆರಡು ತಿಂಗಳ ಮೂಲವೇತನದ ಸರಾಸರಿಯ ಅರ್ಧವನ್ನು ಖಾತರಿಪಡಿಸುವ ಏಕೀಕೃತ ಪಿಂಚಣಿಯನ್ನು ಆಯ್ಕೆಯಾಗಿ ಕೊಟ್ಟಿತು. ತಮಿಳುನಾಡು ಸರ್ಕಾರವೂ 2026ರ ಜನವರಿಯಲ್ಲಿ ಕೊನೆಯ ವೇತನದ ಅರ್ಧವನ್ನು ಖಾತರಿಪಡಿಸುವ ಯೋಜನೆಯನ್ನು ಘೋಷಿಸಿತು. ಖಾತರಿಯಿಂದ ಅನುಕ್ರಮದ ಅಪಾಯವಾಗಲಿ ಹಣದುಬ್ಬರವಾಗಲಿ ಅಳಿಸಿಹೋಗುವುದಿಲ್ಲ, ನಿವೃತ್ತನ ಗಂಟಿನಿಂದ ರಾಜ್ಯದ ಖಜಾನೆಗೆ ವರ್ಗವಾಗುತ್ತದೆ. ಮುಂದಿನ ಮೂವತ್ತು ವರ್ಷಗಳ ಲೆಕ್ಕವನ್ನು, ಅದೇ ಚಿಕ್ಕ ದಾಖಲೆಯನ್ನು ಮುಂದಿಟ್ಟುಕೊಂಡು, ಸರ್ಕಾರದ ವಿಮಾಗಣಕರು ಹಾಕಬೇಕಾಗುತ್ತದೆ. ಅಂಬತ್ತೂರಿನ ಕಾರ್ಖಾನೆಗಳ ಗುತ್ತಿಗೆ ಕಾರ್ಮಿಕರಿಗೆ, ರಂಗನಾಥನ್ ಬೀದಿಯ ಅಂಗಡಿಗಳ ಕೆಲಸಗಾರರಿಗೆ ಇಂಥ ವರ್ಗಾವಣೆಯ ಆಯ್ಕೆ ಇಲ್ಲ.